ಉಪದೇಶಿ ಇನ್ನಾಸಪ್ಪನ ಸಾಧು ಎತ್ತು

ನಾನೊಂದು ಎತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ಬೇರೆ ಏನೇನೋ ಅಂದುಕೊಂಡವರು ಬಹಳ ಮಂದಿ. ಕೆಲವರು ನನ್ನನ್ನು ಪಾಠ ಅಂದರು, ಕೆಲವರು ದೃಷ್ಟಾಂತ ಅಂದರು. ಒಬ್ಬ ಮುದುಕಿಯಂತೂ ನನ್ನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳು ಮುಟ್ಟಿದ ಜಾಗದಲ್ಲಿ ಆಗ ತಾನೇ ಕಾಗೆಯೊಂದು ಕೂತು ತನ್ನ ಕೆಲಸ ಮುಗಿಸಿ ಹೋಗಿತ್ತು. ನಾನು ಎತ್ತು, ಅಷ್ಟೇ. ಹುಲ್ಲು ತಿಂದೆ, ನೇಗಿಲು ಎಳೆದೆ, ಸಗಣಿ ಹಾಕಿದೆ. ಅದರಲ್ಲಿ ಯಾರಿಗಾದರೂ ಪರಲೋಕದ ದಾರಿ ಕಂಡಿದ್ದರೆ ಅದು ಅವರ ಕಣ್ಣಿನ ದೋಷ.

ಹುಟ್ಟಿದ್ದು ಕಾಡಂಚಿನ ಒಂದು ದೊಡ್ಡಿಯಲ್ಲಿ. ಅಮ್ಮ ಹಳ್ಳಿಕಾರ್ ಹಸು, ಮಹಾ ಸಿಡುಕಿ. ಹಾಲು ಕರೆಯಲು ಬಂದವನ ಚೊಂಬಿಗೆ ದಿನಾ ಒದೆಯುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಮುಂದೆ ‘ಸಾಧು’ ಎಂದು ಹೆಸರಿಟ್ಟರು. ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಕೊಂಬು ಮೂಡುವ ಹೊತ್ತಿಗೆ ನನ್ನನ್ನು ದನದ ಸಂತೆಗೆ ಹೊಡೆದುಕೊಂಡು ಹೋದರು. ಅಲ್ಲಿ ಹುಣಸೇದೊಡ್ಡಿಯ ಇನ್ನಾಸಪ್ಪ ನನ್ನ ಸುಳಿ ನೋಡಿದ, ಹಲ್ಲು ನೋಡಿದ, ಬಾಲ ಎತ್ತಿ ನೋಡಿದ. ಕೊನೆಗೆ ಕಣ್ಣು ನೋಡಿ, “ಈ ಹೋರಿ ಕಣ್ಣಲ್ಲಿ ವಿನಯ ಐತೆ ಕಣ್ರಲಾ” ಅಂದ. ವಿನಯವಂತೆ! ಬೆಳಗಿನಿಂದ ಬಿಸಿಲಲ್ಲಿ ನೀರಿಲ್ಲದೆ ನಿಂತು ನನ್ನ ಕಣ್ಣು ತಾನಾಗಿ ಮುಚ್ಚಿಹೋಗುತ್ತಿತ್ತು. ಮನುಷ್ಯರಿಗೆ ಬಾಯಾರಿಕೆಗೂ ವಿನಯಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಅವತ್ತೇ ತಿಳಿಯಿತು.

ಹುಣಸೇದೊಡ್ಡಿ ಕ್ರೈಸ್ತರ ಊರು. ಅಲ್ಲಿಯವರು ರಾಗಿ ಬೆಳೆಯುತ್ತಾರೆ, ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುತ್ತಾರೆ, ಭಾನುವಾರ ಒಗೆದ ಬಟ್ಟೆ ಹಾಕಿಕೊಂಡು ಚರ್ಚಿಗೆ ಹೋಗುತ್ತಾರೆ. ಪಾದ್ರಿ ಇರುವುದು ದೂರದ ದೊಡ್ಡ ಊರಿನಲ್ಲಿ. ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಾರೆ. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸಿ ನಾಲ್ಕು ಒಳ್ಳೆಯ ಮಾತು ಹೇಳಲು ಊರಿನವನೇ ಒಬ್ಬನಿರುತ್ತಾನೆ, ಅವನಿಗೆ ಉಪದೇಶಿ ಅನ್ನುತ್ತಾರೆ. ನನ್ನ ದುರದೃಷ್ಟಕ್ಕೆ ಆ ಉಪದೇಶಿ ಇನ್ನಾಸಪ್ಪನೇ. ಇನ್ನೂ ದೊಡ್ಡ ದುರದೃಷ್ಟವೆಂದರೆ ಸುತ್ತೂರಿನ ಹೋರಿಗಳನ್ನೆಲ್ಲ ಪಳಗಿಸುವವನೂ ಅವನೇ. ವಾರವಿಡೀ ಹೋರಿ ಪಳಗಿಸುತ್ತಿದ್ದ. ಭಾನುವಾರ ಅದೇ ಬಾಯಲ್ಲಿ ಜನರನ್ನು ಪಳಗಿಸಲು ನಿಲ್ಲುತ್ತಿದ್ದ.

ನನ್ನ ಮೂಗು ಚುಚ್ಚಿದ ದಿನ ಮರೆಯುವ ಹಾಗಿಲ್ಲ. ಕಾಲು ಕಟ್ಟಿ ಕೆಡವಿ, ಇಬ್ಬರು ಕತ್ತಿನ ಮೇಲೆ ಕೂತು, ಮೂಗಿನ ಹೊಳ್ಳೆಯ ನಡುವೆ ದಬ್ಬಳ ತೂರಿಸಿ ಹಗ್ಗ ಎಳೆದರು. ನಾನು ಒದರಿದ್ದು ಊರ ಕೆರೆಯವರೆಗೆ ಕೇಳಿಸಿತಂತೆ. ಮುಂದಿನ ಭಾನುವಾರ ಇನ್ನಾಸಪ್ಪ ನನ್ನನ್ನು ಚರ್ಚಿನ ಬಾಗಿಲ ಮುಂದಿನ ಬೇವಿನ ಮರಕ್ಕೆ ಕಟ್ಟಿ, ಒಳಗೆ ನಿಂತು ಹೇಳಿದ: “ನೋಡಿ, ಆ ಹೋರಿಗೆ ನಾನು ಮೂಗುದಾರ ಹಾಕ್ದೆ. ನೋವಾಯ್ತು. ಯಾಕೆ ಹಾಕ್ದೆ? ದ್ವೇಷಕ್ಕಾ? ಪ್ರೀತಿಗೆ ಹಾಕ್ದೆ. ದೇವ್ರು ನಮ್ಗೆ ಕೊಡೋ ಕಷ್ಟಾನೂ ಹಂಗೇ.” ಜನ ತಲೆದೂಗಿದರು. ನನ್ನ ಮೂಗಿನ ಗಾಯದ ಮೇಲೆ ನೊಣಗಳು ಮುತ್ತುತ್ತಿದ್ದವು. ಪ್ರೀತಿಯಿದ್ದವನು ಬಂದು ಒಂದು ಹನಿ ಬೇವಿನೆಣ್ಣೆ ಹಚ್ಚಬಹುದಿತ್ತು.

ಆಮೇಲೆ ಕುತ್ತಿಗೆಗೆ ಕೊರಡು ಕಟ್ಟಿ ಎಳೆಸಿದ. ಅದು ಒಂದು ಭಾನುವಾರದ ಉಪದೇಶಕ್ಕಾಯಿತು. ಪಳಗಿದ ಮುದಿ ಎತ್ತಿನ ಜೊತೆಗೆ ನೊಗಕ್ಕೆ ಕಟ್ಟಿದ. ಅದು ಇನ್ನೊಂದು ಭಾನುವಾರಕ್ಕಾಯಿತು. ಕಾಲಿಗೆ ಲಾಳ ಹೊಡೆಸಿದ್ದಕ್ಕೂ ಅವನಲ್ಲಿ ಒಂದು ಅರ್ಥ ಸಿದ್ಧವಾಗಿತ್ತು. ಹೋರಿಯನ್ನು ಎತ್ತು ಮಾಡಲು ಮುಖ್ಯವಾಗಿ ಏನನ್ನು ಜಜ್ಜುತ್ತಾರೆ ಎಂಬುದನ್ನು ಮಾತ್ರ ಯಾವ ಭಾನುವಾರವೂ ಬಾಯಿ ಬಿಟ್ಟು ಹೇಳಲಿಲ್ಲ. ಹೆಂಗಸರು ಕೂತಿರುತ್ತಾರಲ್ಲ, ಮರ್ಯಾದಸ್ಥ! ನನ್ನ ವಿಧೇಯತೆಯ ಮುಕ್ಕಾಲು ಪಾಲು ಅಲ್ಲೇ ಇತ್ತು, ಅದನ್ನೇ ಬಿಟ್ಟು ಉಳಿದದ್ದನ್ನೆಲ್ಲ ಉಪದೇಶ ಮಾಡಿದ.

ಅವನ ದೊಡ್ಡ ಹೆಗ್ಗಳಿಕೆ ಎಂದರೆ ಹಗ್ಗ ಬಿಚ್ಚಿ ಮಾಡಿಸುವ ಕಸರತ್ತು. ಪ್ರಾರ್ಥನೆ ಮುಗಿಸಿ ಹೊರಬಂದ ಜನರ ಮುಂದೆ ನನ್ನ ಹಗ್ಗ ಬಿಚ್ಚಿ ದೂರ ನಿಲ್ಲುತ್ತಿದ್ದ. “ನಡಿ” ಅಂದರೆ ನಡೆಯುತ್ತಿದ್ದೆ. “ನಿಲ್ಲು” ಅಂದರೆ ನಿಲ್ಲುತ್ತಿದ್ದೆ. “ಹಿಂದಕ್ಕೆ” ಅಂದರೆ ಹಿಂದಕ್ಕೆ. “ಕಂಡ್ರಾ? ಯಾಕೆ ಅಂತ ಕೇಳ್ತದಾ? ಎಲ್ಲಿಗೆ ಅಂತ ಕೇಳ್ತದಾ? ಒಡೆಯನ ಮಾತು ಬಂತು, ಮುಗೀತು. ನಾವು ದೇವರ ಮುಂದೆ ಹಿಂಗಿರ್ಬೇಕು” ಅನ್ನುತ್ತಿದ್ದ. ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು. ನಾನು ಯಾಕೆ ಕೇಳುತ್ತಿರಲಿಲ್ಲ ಎಂದರೆ ಕೇಳುವ ಬಾಯಿ ನನಗಿರಲಿಲ್ಲ. ಮಾತು ಮೀರಿದರೆ ಬಾರುಕೋಲಿನ ಮೊಳೆ ಎಲ್ಲಿ ಚುಚ್ಚುತ್ತದೆ ಎಂದು ಗೊತ್ತಿತ್ತು, ಮೀರದಿದ್ದರೆ ಮನೆಯಲ್ಲಿ ಬೇಯಿಸಿದ ಹುರುಳಿ ಸಿಗುತ್ತದೆ ಎಂದೂ ಗೊತ್ತಿತ್ತು. ಇಷ್ಟೇ ನನ್ನ ಧರ್ಮಶಾಸ್ತ್ರ. ಅವನು ‘ದೇವರ ಮಾತು, ದೇವರ ಮಾತು’ ಎನ್ನುತ್ತಿದ್ದ. ಅಷ್ಟು ವರ್ಷ ನನ್ನ ಕಿವಿಗೆ ಬಿದ್ದದ್ದು ಇನ್ನಾಸಪ್ಪನ ಮಾತು ಮಾತ್ರ.

ನಮ್ಮ ಕೊಟ್ಟಿಗೆ ಮನೆಯ ಒಳಗೇ, ಅಡುಗೆಮನೆಗೂ ನಮಗೂ ನಡುವೆ ಒಂದು ಮೋಟುಗೋಡೆ. ಹಾಗಾಗಿ ಆ ಮನೆಯ ಮಾತೆಲ್ಲ ನನಗೆ ಕೇಳಿಸುತ್ತಿತ್ತು, ಬೇಡವೆಂದರೂ. ಇನ್ನಾಸಪ್ಪನ ಹೆಂಡತಿ ಆರೋಗ್ಯಮ್ಮ ಮಾತು ಕಡಿಮೆಯವಳು. ಮಗಳು ಲೂರ್ದಮ್ಮ, ಮನೆಯಲ್ಲಿ ಲೂರ್ದು. ಒಬ್ಬಳೇ ಮಗಳು. ಅವಳು ಮಾತ್ರ ಅಮ್ಮನ ಪಾಲಿನದನ್ನೂ ಸೇರಿಸಿ ಮಾತಾಡುತ್ತಿದ್ದಳು. ಹುಲ್ಲು ಹಾಕುವಾಗ ಮಾತು, ಮೈ ತೊಳೆಯುವಾಗ ಮಾತು, ಹುಳಕ್ಕೆ ಸೊಪ್ಪು ಹೆಚ್ಚುವಾಗ ಅಲ್ಲಿಂದಲೇ ಕೂಗಿ ಮಾತು. ನಕ್ಕರೆ ಮೂರನೇ ಮನೆಗೆ ಕೇಳಿಸಬೇಕು. ಅವಳ ನಗು ಕೇಳಿದಾಗೆಲ್ಲ ಅಪ್ಪ, “ಲೇ ಲೂರ್ದು, ನಿಲ್ಸು” ಅನ್ನುತ್ತಿದ್ದ. ನನಗೆ ‘ನಿಲ್ಲು’ ಅನ್ನುತ್ತಿದ್ದ ಅದೇ ದನಿ. ನನ್ನ ಕಾಲು ಸುಮ್ಮನೆ ಗಟ್ಟಿಯಾಗುತ್ತಿತ್ತು. ಅವಳು ಸೆರಗು ಬಾಯಿಗಿಟ್ಟುಕೊಂಡು ಇನ್ನಷ್ಟು ನಗುತ್ತಿದ್ದಳು.

ಅವಳ ಮನಸ್ಸಿನಲ್ಲಿ ಏನಿತ್ತು ಎಂದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೇ. ಪಕ್ಕದ ಊರಿನ ಜ್ಞಾನಪ್ರಕಾಶ ರೇಷ್ಮೆಗೂಡು ಸಾಗಿಸುವ ಟೆಂಪೋ ಓಡಿಸುತ್ತಿದ್ದ. ನಮ್ಮ ಮನೆಯ ಗೂಡು ತುಂಬಿಸಲು ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. “ಅವ್ರ ಮನೆಯೋರು ಬಂದು ಕೇಳ್ತಾರಂತೆ ಕಣೋ ಸಾಧು. ಅಪ್ಪ ಹೂಂ ಅಂದ್ರೆ ಸಾಕು. ಮಕ್ಳೂ ಮರೀ ಮಾಡ್ಕೊಂಡು, ಹುಳ ಸಾಕ್ಕೊಂಡು ಇದ್ಬುಡ್ತೀನಿ” ಅಂದು ನನ್ನ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರಿದಳು. ಅವಳಿಗೆ ಬೇಕಿದ್ದದ್ದು ಅಷ್ಟೇ. ಅದು ಭಾರೀ ಆಸೆ ಎಂದು ನನಗೇನೂ ಅನ್ನಿಸಲಿಲ್ಲ.

ಆ ವರ್ಷ ಕಾಲುಬಾಯಿ ಜ್ವರ ಬಂತು. ಬಾಯೊಳಗೆಲ್ಲ ಹುಣ್ಣು, ಗೊರಸಿನ ಸಂದಿಯಲ್ಲಿ ಹುಳು, ಜೊಲ್ಲು ಸುರಿಸಿಕೊಂಡು ಊರಿನ ದನಗಳೆಲ್ಲ ಬಿದ್ದುಕೊಂಡವು. ನನ್ನ ಜೋಡಿ ಎತ್ತು ಸತ್ತುಹೋಯಿತು. ನಾನೂ ಕಾಲು ಚಾಚಿ ಮಲಗಿದ್ದೆ. ಅವತ್ತು ಸಂಜೆ ಇನ್ನಾಸಪ್ಪ ಕೊಟ್ಟಿಗೆಗೆ ಬಂದು ನನ್ನ ಪಕ್ಕದಲ್ಲೇ ಮೊಣಕಾಲೂರಿದ. ಕೈಯಲ್ಲಿ ಜಪಮಾಲೆ, ಕಣ್ಣಲ್ಲಿ ನೀರು. “ದೇವಮಾತೆ ತಾಯಿ, ಈ ಎತ್ತು ಒಂದ್ನ ಉಳಿಸ್ಕೊಡು. ನನ್ ಮಗಳ್ನ ನಿನ್ ಸೇವೆಗೆ ಮಠಕ್ಕೆ ಬಿಡ್ತೀನಿ” ಅಂದ.

ನನ್ನ ನಾಲಿಗೆ ಊದಿಕೊಂಡಿರದಿದ್ದರೆ ಅಲ್ಲೇ ಒದರಿ ಊರು ಸೇರಿಸುತ್ತಿದ್ದೆ. ಥೂ, ಇವನ ಭಕ್ತಿಗಿಷ್ಟು! ಬೀಡಿ ಬಿಡುತ್ತೇನೆ ಅನ್ನಬಹುದಿತ್ತು. ದಿನಾ ಎರಡು ಹೊತ್ತು ಕುಡಿಯುವ ಕಾಫಿ ಬಿಡುತ್ತೇನೆ ಅನ್ನಬಹುದಿತ್ತು. ಭಾನುವಾರದ ಭಾಷಣ ಬಿಡುತ್ತೇನೆ ಅಂದಿದ್ದರಂತೂ ಊರೇ ಹರಸುತ್ತಿತ್ತು. ತನ್ನದೆಲ್ಲವನ್ನೂ ಹಾಗೇ ಇಟ್ಟುಕೊಂಡು, ಅಡುಗೆಮನೆಯಲ್ಲಿ ನನಗಾಗಿ ರಾಗಿ ಗಂಜಿ ಕಾಯಿಸುತ್ತಿದ್ದ ಹುಡುಗಿಯನ್ನು ಕೇಳದೆ ಹೇಳದೆ ಎತ್ತಿಕೊಟ್ಟ. ಕನ್ಯಾಮಠಕ್ಕೆ ಹೋಗಿ ಸಿಸ್ಟರ್ ಆಗಬೇಕಾದರೆ ಮದುವೆಯಿಲ್ಲ, ಮಕ್ಕಳಿಲ್ಲ, ಜೀವನಪೂರ್ತಿ ಅಲ್ಲೇ. ಮನಸ್ಸಿದ್ದು ಹೋದವರಿಗೆ ಅದು ದೊಡ್ಡ ಬದುಕು, ಅಲ್ಲವೆನ್ನುವುದಿಲ್ಲ. ಇವಳ ಮನಸ್ಸು ಎಲ್ಲಿತ್ತೆಂದು ನನಗೆ ಗೊತ್ತಿತ್ತು.

ನಾನು ಬದುಕಿದೆ. ದನದ ಡಾಕ್ಟರು ಬಂದು ಸೂಜಿ ಚುಚ್ಚಿದರು. ಲೂರ್ದು ದಿನಾ ಗೊರಸು ತೊಳೆದಳು, ಹುಳು ತೆಗೆದಳು, ಬಾಯಿಗೆ ಗಂಜಿ ಹೊಯ್ದಳು. ಇನ್ನಾಸಪ್ಪ ಮಾಡಿದ್ದು ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಟ್ಟದ್ದು. ಆದರೂ ನಾನು ಎದ್ದು ನಿಂತ ಭಾನುವಾರ ಚರ್ಚಿನಲ್ಲಿ ಎಲ್ಲರ ಮುಂದೆ ಅವನು ತನ್ನ ಹರಕೆಯನ್ನು ಘೋಷಿಸಿದ. “ದೇವ್ರು ಕೇಳಿದ್ರು, ನಾನು ಕೊಟ್ಟೆ” ಅಂದ. ಹೆಂಗಸರು ಕಣ್ಣೊರೆಸಿಕೊಂಡರು, ಗಂಡಸರು ಎದ್ದು ಕೈಮುಗಿದರು. ಲೂರ್ದುಗೆ ವಿಷಯ ತಿಳಿದದ್ದು ಆಗಲೇ, ಊರವರ ಜೊತೆಗೇ. ಬೇವಿನ ಮರದ ಕೆಳಗಿನಿಂದ ನನಗೆ ಅವಳು ಕಾಣುತ್ತಿದ್ದಳು. ಪಕ್ಕದವಳು ಬೆನ್ನು ತಟ್ಟುತ್ತಿದ್ದರೆ ಇವಳು ಅಪ್ಪನನ್ನೇ ನೋಡುತ್ತಾ ಕೂತಿದ್ದಳು.

ಮನೆಗೆ ಬಂದವಳೇ, “ನಾನು ಹೋಗಕಿಲ್ಲ” ಅಂದಳು.

“ಮಾತು ಕೊಟ್ಟಾಗದೆ” ಅಂದ ಇನ್ನಾಸಪ್ಪ.

“ನೀನ್ ಕೊಟ್ಟೆ. ನನ್ನ ಕೇಳಿದ್ಯಾ?”

“ಹೋರಿಗೆ ನೊಗ ಹಾಕೋವಾಗ ಕೇಳ್ತೀವೇನಮ್ಮಿ? ಹಾಕಿದ್ ಮ್ಯಾಲೆ ಅದಕ್ಕೇ ಗೊತ್ತಾಯ್ತದೆ, ಒಳ್ಳೇದಕ್ಕೇ ಹಾಕವ್ರೆ ಅಂತ.”

ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅದನ್ನು ಅವನು ನನ್ನನ್ನು ಕೇಳಬೇಕಿತ್ತು.

ಜ್ಞಾನಪ್ರಕಾಶನ ಮನೆಯವರು ಹೂವು ಹಣ್ಣು ಹಿಡಿದು ಬಂದರು. ಅವರನ್ನು ಜಗುಲಿಯಿಂದಲೇ ಕಳಿಸಿದ. ಲೂರ್ದು ಊಟ ಬಿಟ್ಟಳು. ಆರೋಗ್ಯಮ್ಮ ತಟ್ಟೆ ಹಿಡಿದು ಮಗಳ ಮುಂದೆ ಕೂರುತ್ತಿದ್ದಳು, ಆಮೇಲೆ ಗಂಡನ ಮುಂದೆ ಕೂರುತ್ತಿದ್ದಳು, ಎರಡು ಕಡೆಯೂ ತುತ್ತು ಇಳಿಯಲಿಲ್ಲ. ಭಾನುವಾರ ಬಂದರೆ ಇವನು ಚರ್ಚಿನಲ್ಲಿ ತುಂಟ ಹೋರಿಯ ಕಥೆ ತೆಗೆಯುತ್ತಿದ್ದ. “ಕೆಲವು ಹೋರಿ ಇರ್ತವೆ, ನಾಲ್ಕೂ ಕಾಲು ಊರಿ ನಿಂತ್ಕೊಬುಡ್ತವೆ. ಬಿಡಬಾರ್ದು. ಇವತ್ತಲ್ಲ ನಾಳೆ ಬಗ್ತವೆ” ಅನ್ನುತ್ತಾ ಮಗಳನ್ನೇ ನೋಡುತ್ತಿದ್ದ. ಊರಿಗೆಲ್ಲ ಗೊತ್ತಾಗುತ್ತಿತ್ತು ಯಾವ ಹೋರಿ ಎಂದು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅವರ ಹೋರಿಗಳನ್ನೆಲ್ಲ ಪಳಗಿಸಿಕೊಡುವವನು ಅವನು ತಾನೇ!

ಕೊನೆ ಕೊನೆಗೆ ಲೂರ್ದುವಿನ ಮಾತು ನಿಂತಿತು. ಹುಲ್ಲು ಹಾಕಲು ಬಂದವಳು ಹುಲ್ಲು ಹಾಕಿ ಹೋಗುತ್ತಿದ್ದಳು. ಇನ್ನಾಸಪ್ಪ ಅದನ್ನು ನೋಡಿ, “ನೋಡ್ದಾ, ಹದಕ್ಕೆ ಬಂದ್ಲು” ಎಂದು ಹೆಂಡತಿಗೆ ಹೇಳಿದ. ಸತ್ಯ ಹೇಳುತ್ತೇನೆ, ಅವತ್ತು ನನಗೆ ಅವನನ್ನು ತಿವಿಯಬೇಕು ಅನ್ನಿಸಿತು. ಆ ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಕಂಡಿರಲಿಲ್ಲ, ನನಗೆ ಭಯವಾಯಿತು.

ಆ ಊರಿನಲ್ಲಿ ಸಂಕ್ರಾಂತಿಯ ಬೆನ್ನಿಗೇ ಬರುವ ದನಕರು ಕಾಯುವ ಸಂತ ವನವಾಸಿ ಅಂತೋಣಪ್ಪನ ಹಬ್ಬದ ದಿನ ದನಗಳನ್ನೆಲ್ಲ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಚರ್ಚಿನ ಮುಂದೆ ನಿಲ್ಲಿಸುತ್ತಾರೆ. ಪಾದ್ರಿ ಬಂದು ತೀರ್ಥ ಚಿಮುಕಿಸಿ ಆಶೀರ್ವಾದ ಮಾಡುತ್ತಾರೆ. ಇನ್ನಾಸಪ್ಪ ಮಗಳನ್ನು ಒಪ್ಪಿಸಲು ಆರಿಸಿಕೊಂಡದ್ದು ಅದೇ ದಿನ. ಕನ್ಯಾಮಠದ ಹಿರಿಯ ಸಿಸ್ಟರ್ ಫಿಲೋಮಿನಾರನ್ನೂ ಕರೆಸಿದ್ದ. ನನ್ನ ಕೊಂಬಿಗೆ ಕೆಂಪು ಬಣ್ಣ, ಲೂರ್ದುಗೆ ಬಿಳಿ ಸೀರೆ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದ. ಮೊದಲು ನನ್ನ ಹಗ್ಗ ಬಿಚ್ಚಿ ಕಸರತ್ತು ಮಾಡಿಸಿದ. ನಡಿ, ನಿಲ್ಲು, ಹಿಂದಕ್ಕೆ. ನಾಚಿಕೆಗೆಟ್ಟವನು ನಾನು, ಎಲ್ಲವನ್ನೂ ಮಾಡಿದೆ. ಜನ ಚಪ್ಪಾಳೆ ಹೊಡೆದರು. “ಈ ಮೂಕ ಜೀವ ಬದುಕಿದ್ದಕ್ಕೆ ನನ್ ಮಗಳು ದೇವರ ಪಾಲು ಸ್ವಾಮಿ. ಕರ್ಕೊಂಡೋಗ್ಲಿ” ಎಂದು ಪಾದ್ರಿಗೆ ಕೈಮುಗಿದ.

ಪಾದ್ರಿ ಹೊಸಬರು, ಫಾದರ್ ಮರಿಜೋಸೆಫ್. ತೆಳ್ಳಗಿನ ಮನುಷ್ಯ, ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಅವರು ಲೂರ್ದು ಕಡೆ ತಿರುಗಿದರು.

“ನಿನಗೆ ಮನಸ್ಸಿದೆಯೇನಮ್ಮ?”

“ಐತೆ ಸ್ವಾಮಿ” ಅಂದ ಇನ್ನಾಸಪ್ಪ.

“ನಾನು ಅವಳನ್ನ ಕೇಳಿದ್ದು.”

ಲೂರ್ದು ಅಮ್ಮನನ್ನು ನೋಡಿದಳು, ನೆಲ ನೋಡಿದಳು. ಆಮೇಲೆ ತಲೆಯೆತ್ತಿ, “ಇಲ್ಲ ಸ್ವಾಮಿ” ಅಂದಳು. ಹಿಂದಿನ ಸಾಲಿಗೂ ಕೇಳಿಸಿತು.

ಜನ ಗುಸುಗುಸು ಶುರುಮಾಡಿದರು. ಇನ್ನಾಸಪ್ಪನ ಮುಖ ಕೆಂಪಾಯಿತು. “ಹರಕೆ ಸ್ವಾಮಿ! ತೀರಿಸ್ದೆ ಇದ್ರೆ ದೇವ್ರು ಸುಮ್ಕೆ ಬಿಡ್ತಾರಾ? ಈ ಹುಡುಗಿ ಮಾತು ಕಟ್ಕೊಂಡು ಪಾಪಕ್ಕೆ ಬೀಳನಾ?”

“ಹರಕೆ ಹೊತ್ತವರು ಯಾರು?”

“ನಾನೇ ಸ್ವಾಮಿ.”

“ಹಾಗಾದ್ರೆ ತೀರಿಸಬೇಕಾದವರೂ ನೀವೇ. ಇನ್ನೊಬ್ಬರ ಬದುಕನ್ನ ನೀವು ಹರಕೆ ಹೊರೋಕೆ ಬರಲ್ಲ. ದೇವರಿಗೆ ಕೊಡಬೇಕು ಅಂತಿದ್ರೆ ನಿಮ್ಮದನ್ನ ಕೊಡಿ.”

ಇನ್ನಾಸಪ್ಪ ಉಸಿರು ಬಿಟ್ಟ. ಚರ್ಚಿಗೆ ಹೊಸ ಗಂಟೆ ಮಾಡಿಸುತ್ತೇನೆ ಅಂದ. ಆಳೆತ್ತರದ ಮೇಣದ ಬತ್ತಿ ಹಚ್ಚುತ್ತೇನೆ ಅಂದ. ಈ ಸಲದ ರಾಗಿಯಲ್ಲಿ ಪಾಲು ಕೊಡುತ್ತೇನೆ ಅಂದ. ಪಾದ್ರಿ ಮೂಗು ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. “ಮಗಳನ್ನ ಕೊಡೋಕೆ ಬಂದವರು ನೀವು. ಅವಳ ಸಮಕ್ಕೆ ಮೇಣದ ಬತ್ತಿನಾ?” ಅಂದರು.

ಆಗ ಆರೋಗ್ಯಮ್ಮ ಮಾತಾಡಿದಳು. ಸಭೆಯಲ್ಲಿ ಅವಳ ದನಿ ಊರವರು ಅದೇ ಮೊದಲು ಕೇಳಿದ್ದಿರಬೇಕು, ಎಲ್ಲರೂ ಹಿಂತಿರುಗಿ ನೋಡಿದರು.

“ಎತ್ತು ಅವರ್ದೇ ಸ್ವಾಮಿ” ಅಂದಳು. “ಪೂರ್ತಿ ಅವರ್ದೇ.”

ಇಡೀ ಊರಿನ ಕಣ್ಣು ನನ್ನ ಮೇಲೆ ಬಿತ್ತು. ಇನ್ನಾಸಪ್ಪ ಎರಡು ಹೆಜ್ಜೆ ಬಂದು ನನ್ನ ಕೊಂಬು ಹಿಡಿದುಕೊಂಡ. ಹಸಿ ಬಣ್ಣ ಅವನ ಅಂಗೈಗೆಲ್ಲ ಹತ್ತಿತು. “ಅದ್... ಅದಾಗಕಿಲ್ಲ ಸ್ವಾಮಿ. ಅದೊಂದ್ ಬಿಟ್ಟು ಏನಾರಾ ಕೇಳಿ” ಅಂದ.

“ಯಾಕೆ?”

“ಇಂಥಾ ಎತ್ತು ಎಲ್ಲಿ ಸಿಗ್ತದೆ ಸ್ವಾಮಿ? ಸಾಕಿ ಬೆಳ್ಸಿವ್ನಿ. ದೇವ್ರಿಗೆ ಎತ್ತು ಯಾಕೆ? ಎತ್ತು ಇಟ್ಕೊಂಡು ದೇವ್ರು ಏನ್ಮಾಡ್ತಾರೆ?”

ಅಬ್ಬಬ್ಬಾ! ಕೇಳಿದಿರಾ? ಯಾಕೆ ಎಂದು ಕೇಳಬಾರದು, ಎಲ್ಲಿಗೆ ಎಂದು ಕೇಳಬಾರದು, ಒಡೆಯನ ಮಾತು ಬಂದರೆ ಮುಗಿಯಿತು ಎಂದು ಅಷ್ಟು ವರ್ಷ ಗಂಟಲು ಹರಿದುಕೊಂಡ ಮಹಾನುಭಾವ! ನಾಲ್ಕೂ ಕಾಲು ಊರಿ ನಿಂತುಬಿಟ್ಟಿದ್ದ. ಇವನು ನನ್ನನ್ನು ಪ್ರೀತಿಸುತ್ತಾನೆ ಎಂದು ಹಿಗ್ಗಬೇಕಿತ್ತೋ ಏನೋ. ನಾನು ಹಿಗ್ಗಲಿಲ್ಲ. ಮಗಳನ್ನು ಕೊಡುವಾಗ ಆ ಕೈ ಯಾರನ್ನೂ ಹೀಗೆ ಹಿಡಿದುಕೊಂಡಿರಲಿಲ್ಲ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಪಾದ್ರಿ ನಗಲಿಲ್ಲ. “ನಾನು ಹಗ್ಗ ಹಿಡಿದು ಎಳೆಯೋನಲ್ಲ. ನಿಮ್ಮ ಹರಕೆ, ನಿಮ್ಮ ದೇವರು. ಯೋಚನೆ ಮಾಡಿ” ಎಂದು ಮಿಕ್ಕ ದನಗಳಿಗೆ ತೀರ್ಥ ಹಾಕಲು ಹೋದರು. ಸಿಸ್ಟರ್ ಫಿಲೋಮಿನಾ ಬಂದ ಹಾಗೆ ಹೋದರು.

ಲೂರ್ದು ಉಳಿದುಕೊಂಡಳು ಎಂದು ನೀವು ಅಂದುಕೊಂಡರೆ ಇನ್ನಾಸಪ್ಪನನ್ನು ನೀವು ಅರಿತಿಲ್ಲ. ಅವನು ಜನರ ಮುಂದೆ ಸೋತಿದ್ದ, ಅದರ ಮೇಲೆ ದೇವರ ಭಯ ಬೇರೆ. ಚರ್ಚಿನಲ್ಲಿ ಮಾತಾಡುವುದನ್ನು ಬಿಟ್ಟ. ಆ ಸಲ ಹುಳಕ್ಕೆ ರೋಗ ಬಿದ್ದು ಗೂಡು ಕಟ್ಟಲಿಲ್ಲ. “ಶುರುವಾಯ್ತು” ಅಂದ. ಆರೋಗ್ಯಮ್ಮನಿಗೆ ಕಾಲು ಉಳುಕಿತು. “ನೋಡ್ದಾ?” ಅಂದ. ಹಲ್ಲಿ ಬಿದ್ದರೂ ದೇವರ ಕೋಪ. ದಿನ ಕಳೆದ ಹಾಗೆ ಹರಕೆಯನ್ನು ಹೇಗಾದರೂ ತೀರಿಸಬೇಕು ಎಂಬುದು ಅವನ ತಲೆಗೆ ಹೊಕ್ಕಿತು. ನನ್ನನ್ನು ಬಿಟ್ಟುಕೊಡಲಾರ. ಹಾಗಾದರೆ ಮಗಳನ್ನು ಬೇರೆ ಯಾವುದಾದರೂ ದೂರದ ಮಠಕ್ಕೆ, ಈ ಪಾದ್ರಿಗೆ ತಿಳಿಯದ ಕಡೆ, ಒಪ್ಪಿಸಿಬಿಡುತ್ತಾನೆಯೇ? ಮನೆಯಲ್ಲಿ ಮೂವರಿಗೂ ಅದೇ ಪ್ರಶ್ನೆ, ಮೋಟುಗೋಡೆಯ ಈಚೆ ನನಗೂ ಅದೇ ಪ್ರಶ್ನೆ. ಲೂರ್ದು ಪ್ರತಿ ಬೆಳಗ್ಗೆ ಅಪ್ಪನ ಮುಖ ನೋಡಿ ಕೆಲಸಕ್ಕೆ ಕೈ ಹಾಕುತ್ತಿದ್ದಳು.

ಒಂದು ಬೆಳಗ್ಗೆ ಅವನು ತಲೆಗೆ ಪಂಚೆ ಸುತ್ತಿಕೊಂಡು, “ಲೂರ್ದು, ಸೀರೆ ಉಟ್ಕೊ. ಮಠಕ್ಕೋಗ್ಬೇಕು” ಅಂದ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಆರೋಗ್ಯಮ್ಮ ಉಳುಕಿದ ಕಾಲಲ್ಲೇ ಬಂದು ಬಾಗಿಲಿಗೆ ಅಡ್ಡ ನಿಂತಳು. ಅವನು ಅವಳನ್ನು ನೋಡಲೇ ಇಲ್ಲ, ನೇರ ಕೊಟ್ಟಿಗೆಗೆ ಬಂದು ನನ್ನ ಹಗ್ಗ ಬಿಚ್ಚತೊಡಗಿದ. ಗಂಟು ಬಿಚ್ಚಲು ಕೈ ಬರುತ್ತಿರಲಿಲ್ಲ. “ಇವ್ನಿಗೆ ಏನ್ ತಿನ್ನಿಸ್ಬೇಕು, ಹೆಂಗೆ ನೋಡ್ಕೊಬೇಕು ಅಂತ ಸಿಸ್ಟರ್‌ಗಳ್ಗೆ ನೀನೇ ಹೇಳ್ಬೇಕು. ನನ್ಗೆ ಗೊತ್ತಾಗಕಿಲ್ಲ” ಅಂದ. ಆರೋಗ್ಯಮ್ಮ ಬಾಗಿಲು ಬಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟಳು.

ಮಠದವರೆಗೆ ನಡೆದುಕೊಂಡೇ ಹೋದೆವು. ಗೇಟಿನಲ್ಲಿ ಸಿಸ್ಟರ್ ಫಿಲೋಮಿನಾ ಹಗ್ಗ ತೆಗೆದುಕೊಳ್ಳಲು ಕೈ ಚಾಚಿದರು. ಅಷ್ಟೇ, ಇನ್ನಾಸಪ್ಪ ನನ್ನ ಕುತ್ತಿಗೆಗೆ ಜೋತುಬಿದ್ದ. “ಸಾಧು, ನನ್ ಕಂದಾ, ನನ್ ಮಗನೇ” ಎಂದು ಎದೆ ಬಿರಿಯುವಂತೆ ಅತ್ತ. ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ನೋಡಿದರು. ಅವನ ಕಣ್ಣೀರು ಮೂಗಿನ ನೀರು ಎಲ್ಲ ನನ್ನ ಮೈಮೇಲೆ.

ಲೂರ್ದು ಕೈಕಟ್ಟಿ ನಿಂತು ನೋಡುತ್ತಿದ್ದಳು. ಅವನು ಅತ್ತು ಮುಗಿಸುವವರೆಗೂ ಕಾದಳು.

“ಅಪ್ಪಾ” ಅಂದಳು. “ಬಿಟ್ಟೋಗಕ್ಕೆ ಕರ್ಕೊಂಡ್ ಬಂದಿದ್ದು ನನ್ನೇ ಆಗಿದ್ರೆ ಹಿಂಗ್ ಅಳ್ತಿದ್ಯಾ?”

ಯಾವುದಕ್ಕೂ ಒಂದು ಅರ್ಥ ಹೇಳದೆ ಇರಲಾರದವನು ಕಣ್ಣೊರೆಸಿಕೊಂಡು, ಮುಖ ಆಚೆ ತಿರುಗಿಸಿ, “ನಡಿ” ಅಂದ.

ಸಿಸ್ಟರ್ ಅಷ್ಟರಲ್ಲಿ ನನ್ನನ್ನು ಗೇಟಿನ ಒಳಗೆ ಕರೆದುಕೊಂಡಿದ್ದರು. ನಾನು ಅಭ್ಯಾಸಬಲದಿಂದ ಒಂದು ಹೆಜ್ಜೆ ಇಟ್ಟೆ. ಲೂರ್ದು ಇಡಲಿಲ್ಲ. ಅಲ್ಲೇ ಇದ್ದ ಕಲ್ಲುಬೆಂಚಿನ ಮೇಲೆ ಕೂತು, “ನಂಗ್ ಕಾಲ್ ನೋಯ್ತಾವೆ. ಕೂತ್ಕತೀನಿ. ನಿಂಗೆ ಅರ್ಜೆಂಟಿದ್ರೆ ನೀನೋಗು” ಅಂದಳು. ಅವನು ಹೋಗಲಿಲ್ಲ. ಬಿಸಿಲಲ್ಲಿ, ಬರಿಗೈಯಲ್ಲಿ, ಅವಳು ಏಳುವವರೆಗೂ ನಿಂತೇ ಇದ್ದ.

ಅಂದಿನಿಂದ ನಾನು ಮಠದವನು. ಇವರ ಹಿತ್ತಲಿನ ಹೊಲ ಉತ್ತೆ, ನೀರಿನ ಗಾಡಿ ಎಳೆದೆ. ಈಗ ಮೊಣಕಾಲು ಮಡಚಲು ಬರುವುದಿಲ್ಲ, ಹಲ್ಲು ಸವೆದಿದೆ, ಹೊಂಗೆ ಮರದ ಕೆಳಗೆ ನಿಂತಿರುತ್ತೇನೆ. ಹರಕೆಯ ಎತ್ತು ಎಂದು ನನ್ನನ್ನು ಕಸಾಯಿಯವನಿಗೆ ಮಾರುವಂತಿಲ್ಲ. ಇನ್ನಾಸಪ್ಪನ ಭಕ್ತಿಯಿಂದ ನನಗೆ ಆದ ಲಾಭ ಅದೊಂದೇ. ಸಿಸ್ಟರ್‌ಗಳು ಒಳ್ಳೆಯವರು, ನನ್ನಿಂದ ಯಾವ ನೀತಿಯನ್ನೂ ತೆಗೆಯುವುದಿಲ್ಲ, ಸಗಣಿ ಮಾತ್ರ ತೆಗೆಯುತ್ತಾರೆ. ಅವರು ಬೆಳಗ್ಗೆ ಗಂಟೆಯಾದರೆ ಎದ್ದು ಪ್ರಾರ್ಥನೆಗೆ ಹೋಗುವುದನ್ನು ನೋಡುತ್ತೇನೆ. ಬೇಡವೆಂದರೆ ಗೇಟು ತೆಗೆದು ಹೋಗಬಹುದಾದವರು, ಹೋಗದೆ ಇರುತ್ತಾರೆ. ನನ್ನನ್ನು ಅವರ ಸಾಲಿಗೆ ಸೇರಿಸಿ ವಿಧೇಯ ಅಂದರೆ ಅದು ಅವರಿಗೆ ಅವಮಾನ. ನನ್ನದನ್ನು ಬೇರೆ ಏನಾದರೂ ಹೆಸರಿಟ್ಟು ಕರೆಯಬೇಕು.

ಮೊನ್ನೆ ಲೂರ್ದು ಬಂದಿದ್ದಳು. ಗಂಡ ಜ್ಞಾನಪ್ರಕಾಶನ ಟೆಂಪೋದಲ್ಲಿ, ಕಂಕುಳಲ್ಲಿ ಕೂಸು, ಜೊತೆಗೆ ಅಪ್ಪ. ನನ್ನನ್ನು ಕಂಡವಳೇ ಮಾತು ಶುರು. ಹುಳದ ಸುದ್ದಿ, ಅತ್ತೆಯ ಸುದ್ದಿ, ಕೂಸಿನ ಹಲ್ಲಿನ ಸುದ್ದಿ. ಅವಳು ನಕ್ಕದ್ದಕ್ಕೆ ಮಠದ ಕಿಟಕಿಯಿಂದ ಇಬ್ಬರು ಸಿಸ್ಟರ್‌ಗಳು ಇಣುಕಿದರು. ಆಮೇಲೆ ಮಾತಿನ ನಡುವೆಯೇ ಸುಮ್ಮನಾದಳು, ಕೂಸನ್ನು ಅಪ್ಪನ ಕೈಗೆ ಕೊಟ್ಟು, ತಲೆಗೆ ಸೆರಗು ಹೊದ್ದು ಮಠದ ಪ್ರಾರ್ಥನಾಲಯದ ಒಳಗೆ ಹೋದಳು. ತೆರೆದ ಬಾಗಿಲಲ್ಲಿ ಅವಳು ಮೊಣಕಾಲೂರಿದ್ದು ಕಾಣಿಸಿತು. ಬಹಳ ಹೊತ್ತು ಅಲ್ಲಾಡಲಿಲ್ಲ.

ಇನ್ನಾಸಪ್ಪ ಮೊಮ್ಮಗುವನ್ನು ಎತ್ತಿಕೊಂಡು ನನ್ನ ಪಕ್ಕ ನಿಂತಿದ್ದ. ಕೂಸು ಅವನ ಅಂಗಿ ಒದ್ದೆ ಮಾಡಿತ್ತು, ಅವನಿಗೆ ಅದರ ಗಮನವೂ ಇರಲಿಲ್ಲ. ಒಮ್ಮೆ ಬಾಗಿಲು ನೋಡಿದ, ಒಮ್ಮೆ ನನ್ನನ್ನು ನೋಡಿದ.

“ಇವಳ್ಗೆ ಯಾರ್ಲಾ ಹೇಳಿದ್ರು, ಒಳಕ್ಕೋಗು ಅಂತ?” ಅಂದ.

ಯಾರೂ ಹೇಳಿರಲಿಲ್ಲ. ಅದು ಅವನ ತಲೆಗೆ ಹೋಗುತ್ತಿಲ್ಲ. ನಾನು ಬಾಯಿಗೆ ಬಂದ ಹುಲ್ಲನ್ನು ಅಗಿಯುತ್ತಾ ನಿಂತೆ. ಇಂಥದ್ದನ್ನು ಹೋಗಿ ಹೋಗಿ ಎತ್ತನ್ನು ಕೇಳುತ್ತಾನಲ್ಲ, ಪೆದ್ದ.